ಮೀನು ವಾಸನೆಯ ವಾಲಿಬಾಲ್ ನೆಟ್ಟು

ಮೊನ್ನೆ ಗೊರೂರಿನಿಂದ ಹಾಸನಕ್ಕೆ ಬರುವಾಗ ಬಸ್ಸು ತುಂಬಿತ್ತು. ಆದರೂ ನನ್ನ ಪಕ್ಕದ ಸೀಟು ಮಾತ್ರ ಖಾಲಿ. ಕೂರಲೆಂದು ಬಗ್ಗಿದವರು ಮೂಗು ಮುಚ್ಚಿಕೊಂಡು ಮುಂದಕ್ಕೆ ಸರಿಯುತ್ತಿದ್ದರು. ಕಂಡಕ್ಟರ್ ನನ್ನ ಕಾಲ ಬಳಿಯ ಚೀಲವನ್ನು ನೋಡಿ, "ಏನಮ್ಮಾ, ಮೀನಾ?" ಅಂದ. "ಅಲ್ಲಪ್ಪಾ, ವಾಲಿಬಾಲ್ ನೆಟ್ಟು" ಅಂದೆ. ನಲವತ್ತು ದಾಟಿದ, ಮೊಣಕಾಲಿಗೆ ಬೆಲ್ಟು ಕಟ್ಟಿಕೊಂಡ ಹೆಂಗಸು ಹೀಗೆ ಹೇಳಿದರೆ ಯಾರು ನಂಬುತ್ತಾರೆ? ಅವನೂ ನಂಬಲಿಲ್ಲ. ಆಧಾರ್ ಕಾರ್ಡು ನೋಡಿ ಟಿಕೆಟ್ ಕೊಟ್ಟು ಹೋದ. ಆ ಕಾರ್ಡಿನ ಮೇಲಿರುವ ಹುಟ್ಟಿದ ತಾರೀಖು ನನ್ನದೇ. ಆದರೆ ಅದೇ ತಾರೀಖು, ಅದೇ ವರ್ಷ ನನ್ನ ಗೆಳತಿ ಭಾಗ್ಯಳ ಕಾರ್ಡಿನಲ್ಲೂ ಇದೆ. ಅದು ಅವಳದ್ದಲ್ಲ. ನೆಟ್ಟು ಹೋಗಬೇಕಾದದ್ದು ಅವಳ ಹತ್ತಿರಕ್ಕೇ.

ವಾಲಿಬಾಲ್ ಅಂದರೆ ನಿಮಗೆ ಚರ್ಮದ ವಾಸನೆ ನೆನಪಾಗಬಹುದು. ನನಗೆ ಮೀನು. ನಮ್ಮ ಗೊರೂರಿನ ಶಾಲೆಗೆ ಯಾವ ಕಾಲದಲ್ಲೋ ಒಂದು ನೆಟ್ಟು ಬಂದಿತ್ತಂತೆ. ಅದು ಹರಿದಲ್ಲೆಲ್ಲ ಭಾಗ್ಯಳ ಅಪ್ಪ ನಿಂಗಣ್ಣ ತನ್ನ ಹಳೇ ಬಲೆಯ ತುಂಡು ಹಾಕಿ ಹೆಣೆದು ಕೊಡುತ್ತಿದ್ದ. ಹೇಮಾವತಿ ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುತ್ತಿದ್ದವನು ಅವನು. ನಾವು ಹೈಸ್ಕೂಲಿಗೆ ಬರುವ ಹೊತ್ತಿಗೆ ಮೂಲ ನೆಟ್ಟಿನದೆಂದು ಉಳಿದದ್ದು ಮೇಲಿನ ಬಿಳಿ ಪಟ್ಟಿಯೊಂದೇ. ಕೆಳಗಿನದೆಲ್ಲ ಮೀನಿನ ಬಲೆಯೇ. ನೀರಾವರಿ ಇಲಾಖೆ ಕ್ವಾರ್ಟರ್ಸಿನ ಬೆಕ್ಕುಗಳೆಲ್ಲ ಸಂಜೆಯಾದರೆ ನೆಟ್ಟಿನ ಕೆಳಗೆ ಬಂದು ಕೂರುತ್ತಿದ್ದವು. ಹೊಳೆನರಸೀಪುರದ ಹುಡುಗಿಯರು ಪಂದ್ಯಕ್ಕೆಂದು ಬಂದವರು ನೆಟ್ಟಿನ ಹತ್ತಿರ ನಿಲ್ಲಲಾರದೆ ಹಿಂದೆ ಹಿಂದೆ ಸರಿದು ನಿಂತರು. ಮುಂದೆ ಜಾಗ ಖಾಲಿಯಾಯಿತು, ಭಾಗ್ಯ ಅಲ್ಲಿಗೇ ಹೊಡೆದಳು, ಗೆದ್ದೆವು. ಅದು ಆಟದ ಗೆಲುವೋ ಮೀನಿನ ಗೆಲುವೋ ಎಂದು ನಾನು ಇವತ್ತಿಗೂ ಯೋಚಿಸುವುದುಂಟು.

ಗೆದ್ದೆವು ಎಂದೆನಲ್ಲ, ಅದರಲ್ಲಿ ನನ್ನ ಪಾಲು ನೀರಿನ ಬಿಂದಿಗೆ. ತಂಡದಲ್ಲಿ ನಾನು ಹನ್ನೆರಡನೆಯವಳು. ಅಂಕಣದೊಳಗೆ ಕಾಲಿಟ್ಟದ್ದಕ್ಕಿಂತ ಬಿಂದಿಗೆ ಹೊತ್ತು ಒಳಗೆ ಓಡಿದ್ದೇ ಹೆಚ್ಚು. ಭಾಗ್ಯ ಹಾಗಲ್ಲ. ಬಲೆ ಎಳೆದು ಎಳೆದು ಅವಳ ತೋಳಿಗೆ ಒಂದು ವರಸೆ ಬಂದಿತ್ತು. ಅವಳು ನೆಗೆದಾಗ ಕ್ಷಣಹೊತ್ತು ಮೇಲೆಯೇ ನಿಂತುಬಿಟ್ಟಳೇನೋ ಅನ್ನಿಸುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಅವಳು ಇನ್ನೂ ಇಳಿದೇ ಇಲ್ಲ.

ನಮ್ಮ ಪಿ.ಟಿ. ಮೇಡಂ ಸಾವಿತ್ರಮ್ಮ ಸಾಲಗಾಮೆ ಕಡೆಯವರು. ಅವರ ಹತ್ತಿರ ಒಂದು ಚಾರ್ಟ್ ಇತ್ತು. ಹಳೆಯ ಭೂಪಟದ ಹಿಂಬದಿಗೆ ಅಡ್ಡಗೆರೆ ಎಳೆದು, ಹದಿಹರೆಯದ ಹುಡುಗಿಯರ ಅಂತರರಾಷ್ಟ್ರೀಯ ವಾಲಿಬಾಲ್ ಪಂದ್ಯಾವಳಿಯ ಇತಿಹಾಸವನ್ನು ಸಾಲುಸಾಲಾಗಿ ಬರೆದಿದ್ದರು. ಭಾನುವಾರ ಹಾಸನದ ಲೈಬ್ರರಿಗೆ ಹೋಗಿ, ಪೇಪರಿನ ಮೂಲೆಯಲ್ಲಿ ಎರಡು ಸಾಲು ಸಿಕ್ಕರೆ ಅದನ್ನೇ ನಿಧಿ ಸಿಕ್ಕಂತೆ ಬರೆದುಕೊಂಡು ಬರುತ್ತಿದ್ದರು. ಆಡಿ ದಣಿದು ನಾವು ಮಣ್ಣಿನ ಮೇಲೆ ಅಂಗಾತ ಮಲಗಿದಾಗ ಅದನ್ನು ಓದುತ್ತಿದ್ದರು. ಮೊದಲ ಸಲ ಬ್ರೆಜಿಲ್ಲಿನಲ್ಲಿ ನಡೆಯಿತು, ಗೆದ್ದದ್ದು ಸೋವಿಯತ್ ರಷ್ಯಾ. ಆಮೇಲೆ ಆ ದೇಶವೇ ಒಡೆದುಹೋಯಿತು, ಆದರೆ ಆ ಹುಡುಗಿಯರು ಗೆದ್ದದ್ದು ಗೆದ್ದದ್ದೇ. ಮುಂದಿನ ಸಲ ಕೊರಿಯಾ. ಎರಡು ವರ್ಷಕ್ಕೊಮ್ಮೆ ಒಂದು ಸಾಲು. ಮೇಲೆ ಆಕಾಶ ಕೆಂಪಾಗುತ್ತಿತ್ತು, ಅಣೆಕಟ್ಟೆಯ ಕಡೆಯಿಂದ ನೀರಿನ ಸದ್ದು ಬರುತ್ತಿತ್ತು. ಪೋರ್ಚುಗಲ್, ಜಪಾನ್ ಎನ್ನುವ ಹೆಸರುಗಳು ಅರ್ಧ ನಿದ್ದೆಯ ಕಿವಿಗೆ ಬೀಳುತ್ತಿದ್ದವು. ಆ ಊರುಗಳೆಲ್ಲ ಹಿನ್ನೀರಿನ ಆಚೆ ದಡದಲ್ಲೇ ಇವೆ, ನಿಂಗಣ್ಣನ ತೆಪ್ಪದಲ್ಲಿ ಹೋದರೆ ಕತ್ತಲಾಗುವುದರೊಳಗೆ ಮುಟ್ಟಬಹುದು ಅನ್ನಿಸುತ್ತಿತ್ತು.

ಮೇಡಂ ನಮ್ಮ ಎದುರಾಳಿಗಳಿಗೂ ದೇಶ ಹಂಚಿದ್ದರು. ಹೊಳೆನರಸೀಪುರ ಚೀನಾ, ಅರಕಲಗೂಡು ಬ್ರೆಜಿಲ್, ಚೆಂಡನ್ನು ನೆಲಕ್ಕೆ ಬೀಳಗೊಡದ ಚನ್ನರಾಯಪಟ್ಟಣ ಜಪಾನ್. "ನಾವ್ಯಾವ್ ದೇಸ ಮೇಡಂ?" ಅಂತ ಭಾಗ್ಯ ಕೇಳಿದಳು. ಮೇಡಂ ಚಾರ್ಟಿನ ತಳದಲ್ಲಿದ್ದ ಖಾಲಿ ಸಾಲು ತೋರಿಸಿ, "ನಾವು ಇಲ್ಲಿದೀವಿ ಕಣೇ, ಇನ್ನೂ ಬರೆದಿಲ್ಲ" ಅಂದರು. ಭಾಗ್ಯ ಎದ್ದು ಕೂತಳು. ಅವತ್ತಿನಿಂದ ಅವಳು ಆಡಿದ್ದೆಲ್ಲ ಆ ಖಾಲಿ ಸಾಲಿಗಾಗಿಯೇ.

ಈಗ ತಾರೀಖಿನ ವಿಷಯ. ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ ನಾನು ಸ್ಕೂಲಿನ ಕಂಬ ತಬ್ಬಿಕೊಂಡು ರಂಪ ಮಾಡಿದೆನಂತೆ. ಭಾಗ್ಯ ಬಂದರೆ ಮಾತ್ರ ಒಳಗೆ ಬರುತ್ತೇನೆ ಅಂತ. ಮೀನು ಮಾರಲು ಅವಳವ್ವ ನಾವಿದ್ದ ಕ್ವಾರ್ಟರ್ಸಿಗೆ ಬಂದಾಗಲೆಲ್ಲ ನಾವಿಬ್ಬರೂ ಆಡಿಕೊಂಡಿದ್ದವರು. ಅವಳು ನನಗಿಂತ ಒಂದೂವರೆ ವರ್ಷ ಚಿಕ್ಕವಳು. ಅಪ್ಪ ಬೇಸತ್ತು ಅವಳವ್ವನನ್ನೇ ಕರೆಸಿದರು. "ಯಾವಾಗ ಹುಟ್ಟಿದ್ದಮ್ಮ?" ಅಂತ ಹೆಡ್ಮಾಸ್ತರು ಕೇಳಿದರೆ ಆಕೆ, "ಡ್ಯಾಮಿನ್ ಗೇಟ್ ಎತ್ತಿದ್ರಲ್ಲಾ ಸಾ, ಆಗ" ಅಂದಳು. ಗೇಟು ಪ್ರತಿ ಮಳೆಗಾಲವೂ ಎತ್ತುತ್ತಾರೆ. ಹೆಡ್ಮಾಸ್ತರು ನನ್ನ ಅರ್ಜಿಯನ್ನೊಮ್ಮೆ ನೋಡಿದರು. "ಹೋಗಲಿ, ಇವಳದ್ದೇ ಇರಲಿ ಬಿಡು" ಎಂದು ನನ್ನ ತಾರೀಖನ್ನೇ ಅವಳಿಗೂ ಬರೆದರು. ನಮ್ಮ ಮನೆಗೆ ನೆಂಟರು ಬಂದಾಗಲೆಲ್ಲ ಅಪ್ಪ ಈ ಕತೆಯನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಹಾಸನದ ಸ್ಟೇಡಿಯಮ್ಮಿನಲ್ಲಿ ಜಿಲ್ಲಾ ಪಂದ್ಯ. ಕೊನೆಯ ಆಟದಲ್ಲಿ 'ಜಪಾನ್' ನಮ್ಮನ್ನು ಸೋಲಿಸಿತು, ಆದರೆ ನೋಡಲು ಬಂದಿದ್ದ ಆಯ್ಕೆಗಾರರು ಭಾಗ್ಯಳ ಹೆಸರು ಬರೆದುಕೊಂಡು ಹೋದರು. ಸ್ವಲ್ಪ ದಿನಕ್ಕೆ ಕಾಗದ ಬಂತು. ದೇಶದ ಕಿರಿಯರ ತಂಡಕ್ಕೆ ಶಿಬಿರ. ಅಲ್ಲಿ ಆಡಿ ತೋರಿಸಿದರೆ ಮುಂದಿನದು ಚಾರ್ಟಿನಲ್ಲಿದ್ದ ಆ ಪಂದ್ಯಾವಳಿಯೇ. ಕಾಗದದ ತುದಿಯಲ್ಲಿ ವಯಸ್ಸಿನ ಮಿತಿ ಬರೆದಿತ್ತು. ಶಾಲೆಯ ದಾಖಲೆಯ ಪ್ರಕಾರ ಭಾಗ್ಯ ಅದನ್ನು ಕೆಲವು ತಿಂಗಳುಗಳಷ್ಟು ದಾಟಿದ್ದಳು. ನಿಜವಾದ ವಯಸ್ಸಿಗೆ ಇನ್ನೂ ಬೇಕಾದಷ್ಟು ಕಾಲವಿತ್ತು.

ಮೇಡಂ ಅವಳನ್ನೂ ಅವಳವ್ವನನ್ನೂ ಕರೆದುಕೊಂಡು ಹಾಸನದ ಆಫೀಸುಗಳನ್ನೆಲ್ಲ ಸುತ್ತಿದರು. ಅವಳವ್ವ ಅಲ್ಲಿಯೂ ಡ್ಯಾಮಿನ ಗೇಟಿನ ಲೆಕ್ಕವನ್ನೇ ಹೇಳಿದಳಂತೆ. ತಿದ್ದಬೇಕಾದರೆ ಕೋರ್ಟಿಗೆ ಹೋಗಿ ಅಂದರಂತೆ ಆಫೀಸಿನವರು. ಅಷ್ಟರಲ್ಲಿ ಶಿಬಿರ ಮುಗಿದಿರುತ್ತದೆ. ವಾಪಸ್ಸು ಬಂದ ಮೇಡಂ ದಾಖಲಾತಿ ಪುಸ್ತಕ ತೆರೆದು ನನ್ನನ್ನೂ ಕರೆಸಿದರು. "ನಿಮ್ಮಿಬ್ಬರದ್ದೂ ಒಂದೇ ದಿನ ಹೇಗೆ ಬಂತು? ನಿನಗೇನಾದರೂ ಗೊತ್ತಾ?" ಭಾಗ್ಯ ಪಕ್ಕದಲ್ಲೇ ನಿಂತು ಉಗುರು ಕಚ್ಚುತ್ತಿದ್ದಳು. ನನಗೆ ಎಲ್ಲ ಗೊತ್ತಿತ್ತು. "ಗೊತ್ತಿಲ್ಲ ಮೇಡಂ" ಅಂದೆ. ನಾನು ಹೇಳಿದ್ದರೂ ಕಾಗದ ಬದಲಾಗುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಸಮಾಧಾನ ಆಗಿಲ್ಲ. ಆ ವರ್ಷದ ಸಾಲಿನಲ್ಲಿ ಗೆದ್ದ ದೇಶದ ಹೆಸರನ್ನು ಮೇಡಂ ಬರೆಯುವಾಗ ಭಾಗ್ಯಳೇ ಸ್ಕೇಲು ಹಿಡಿದುಕೊಂಡಿದ್ದಳು. ನಾನು ಮಾತ್ರ ಬಿಂದಿಗೆ ತುಂಬಿಸುವ ನೆಪದಲ್ಲಿ ಹೊರಗೆ ಹೋದೆ.

ಭಾಗ್ಯ ಈಗ ದಂಡಿಗನಹಳ್ಳಿಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ನಾನು ಹಾಸನದಲ್ಲಿ. ಪ್ರತಿ ವರ್ಷ ನನ್ನ ಹುಟ್ಟುಹಬ್ಬದ ದಿನ ನಾವಿಬ್ಬರೂ ಫೋನಿನಲ್ಲಿ ಒಬ್ಬರಿಗೊಬ್ಬರು ಶುಭಾಶಯ ಹೇಳುತ್ತೇವೆ. ಅವಳು ನಗುತ್ತಾಳೆ, ನಾನು ಬೇಗ ಫೋನು ಇಡುತ್ತೇನೆ. ಈಗ ಬಲೆ ಹೆಣೆಯುವವನು ಅವಳ ತಮ್ಮ. ಅವನು ರಿಪೇರಿ ಮಾಡಿದ ನೆಟ್ಟನ್ನು ತಂದುಕೊಡು ಅಂದಿದ್ದಳು. ಹಾಸನದಲ್ಲಿ ಬಸ್ಸು ಬದಲಿಸಿ, ಇನ್ನೊಬ್ಬ ಕಂಡಕ್ಟರ್ ಹತ್ತಿರ ಮೀನಲ್ಲವೆಂದು ಹೇಳಿ, ದಂಡಿಗನಹಳ್ಳಿ ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಆಟದ ಸಾಮಾನಿನ ಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಗೋಡೆಯ ಮೇಲೆ ಅದೇ ಚಾರ್ಟ್. ಮೇಡಂ ರಿಟೈರಾಗುವಾಗ ಅವಳಿಗೆ ಕೊಟ್ಟರಂತೆ. ಭೂಪಟ ಮುಗಿದು ಕೆಳಗೆ ಬೇರೆ ಹಾಳೆ ಅಂಟಿಸಿದ್ದಾಳೆ. ಟರ್ಕಿ ಬಂದಿದೆ, ಚೀನಾ ಮತ್ತೆ ಮತ್ತೆ ಬಂದಿದೆ. ತಳದಲ್ಲಿ ಒಂದು ಖಾಲಿ ಸಾಲು ಹಾಗೆಯೇ ಇದೆ. ಆ ಸಾಲಿಗೆ ಪಿನ್ನು ಚುಚ್ಚಿ ಒಂದು ಲಕೋಟೆ ಸಿಕ್ಕಿಸಿದ್ದಳು. ತೆಗೆದು ನೋಡಿದೆ. ಅವಳ ತಂಡದ ಹನ್ನೆರಡು ಹುಡುಗಿಯರ ಜನನ ಪ್ರಮಾಣಪತ್ರಗಳು.

ಪತ್ರಗಳನ್ನು ಲಕೋಟೆಗೆ ಹಾಕಿ, ಮೂಲೆಯಲ್ಲಿ ಕೂತಿದ್ದ ಅವಳ ಕಡೆ ತಿರುಗಿದೆ. "ಭಾಗ್ಯ, ಅವತ್ತು ಕಂಬ ಹಿಡಿದು ಅತ್ತವಳು ನಾನು. ನನ್ನಿಂದಲೇ ನಿನ್ನ ತಾರೀಖು ಕೆಟ್ಟಿದ್ದು. ಮೇಡಂ ಕೇಳಿದಾಗಲೂ ಗೊತ್ತಿಲ್ಲ ಅಂದೆ."

ಅವಳು ಚೆಂಡಿಗೆ ಗಾಳಿ ತುಂಬುತ್ತಿದ್ದವಳು ಪಂಪು ನಿಲ್ಲಿಸಲಿಲ್ಲ. "ನಂಗೊತ್ತಿಲ್ವಾ? ನಮ್ಮವ್ವ ಯೋಳ್ತಿರ್ಲಿಲ್ವಾ ಆ ಕತೆಯ? ಬ್ಯಾಸರ ಆಗ್ಲಿಲ್ಲ ಅಂತ ಸುಳ್ಳು ಯೋಳಕಿಲ್ಲ ಕಣಮ್ಮಿ. ಒಂದ್ವರ್ಸ ಅತ್ತಿವ್ನಿ. ಆದ್ರೆ ನೀನ್ ಅವತ್ತು ಅಳ್ದೆ ಇದ್ದಿದ್ರೆ ನನ್ನ ಯಾರ್ ಇಸ್ಕೂಲಿಗ್ ಸೇರಿಸ್ತಿದ್ರು? ತಮ್ಮನ್ನ ಸೊಂಟದ್ಮ್ಯಾಲೆ ಕುಂಡ್ರಿಸ್ಕಂಡು ತೆಪ್ಪದಾಗೇ ಇರ್ತಿದ್ದೆ. ಈ ಚಂಡು ಯಾವ್ ಬಣ್ಣ ಅಂತ್ಲೂ ಗೊತ್ತಾಗ್ತಿರ್ಲಿಲ್ಲ."

ನನ್ನ ಒಂದೇ ಅಳು ಅವಳಿಗೆ ಚೆಂಡನ್ನೂ ಕೊಟ್ಟಿತ್ತು, ಆ ಸಾಲನ್ನೂ ಕಿತ್ತುಕೊಂಡಿತ್ತು. ಎರಡನ್ನೂ ಅವಳು ಎಂದೋ ತೂಗಿ ನೋಡಿ ಮುಗಿಸಿದ್ದಳು. ಹೊರಗೆ ಹುಡುಗಿಯರು ನೆಟ್ಟು ಬಿಚ್ಚಿ ಮೂಗು ಹಿಡಿದುಕೊಂಡು ನಗುತ್ತಿದ್ದರು. ಅವರಲ್ಲಿ ಇಬ್ಬರಿಗೆ ಮುಂದಿನ ತಿಂಗಳು ಕಿರಿಯರ ತಂಡದ ಆಯ್ಕೆಯಂತೆ. ನಾವಿಬ್ಬರೂ ಹೋಗಿ ಒಂದೊಂದು ತುದಿ ಹಿಡಿದು ಕಂಬಕ್ಕೆ ಬಿಗಿದೆವು.

"ನಿಜವಾಗಿ ನೀನು ಹುಟ್ಟಿದ್ದು ಯಾವತ್ತು, ಭಾಗ್ಯ? ನಾನು ಒಂದು ಸಲವೂ ಕೇಳಲಿಲ್ಲ" ಅಂದೆ.

ಅವಳು ಹಗ್ಗಕ್ಕೆ ಗಂಟು ಹಾಕಿ, ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು.

"ಯಾರಿಗ್ ಗೊತ್ತು ಕಣಮ್ಮಿ. ನಿಂದೇ ಇರ್ಲಿ ಬುಡು."