ಇದ್ದಿಲು ಬಸ್ಸಿನಲ್ಲಿ ಬಂದ ಬೆಕ್ಕಿನ ಮರಿ

ಸಾವಿರದ ಒಂಬೈನೂರ ನಲವತ್ಮೂರನೇ ಇಸವಿ, ಯುದ್ಧದ ಕಾಲ. ಪೆಟ್ರೋಲ್ ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ ನಡೆಸುತ್ತಿದ್ದರು. ನನಗಾಗ ಹದಿನಾರು ವರ್ಷ. ಚನ್ನರಾಯಪಟ್ಟಣದಲ್ಲಿ ನಮ್ಮ ತಂದೆಯವರದು ಕೊಬ್ಬರಿ ವ್ಯಾಪಾರ.

ನನ್ನ ಸೋದರತ್ತೆ ಗಂಗಮ್ಮ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲಿದ್ದರು. ತಮಗೆಂದು ಏನನ್ನೂ ಕೇಳಿದವರಲ್ಲ. ಹಾಸನದ ನೆಂಟರ ಮನೆಗೆ ಹೋಗಿದ್ದಾಗ, ಪಕ್ಕದ ಬಂಗಲೆಯ ದೊರೆಸಾನಿಯೊಬ್ಬಳು ಸಾಕಿ ಮರಿ ಮಾಡಿಸಿ ಮಾರುತ್ತಿದ್ದ ಉದ್ದ ಕೂದಲಿನ ಪರ್ಶಿಯನ್ ಬೆಕ್ಕುಗಳನ್ನು ನೋಡಿ ಬಂದರು. ಅಂದಿನಿಂದ ಅವರಿಗೆ ಅದೇ ಗುಂಗು. ಬೀದಿ ತುಂಬ ಬೆಕ್ಕುಗಳಿರುವಾಗ ಬೆಕ್ಕನ್ನು ಯಾರಾದರೂ ಕೊಂಡು ತರುತ್ತಾರೆಯೇ ಎಂದು ಮನೆಯವರೆಲ್ಲ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ತಂಗಿ ಬಾಯಿಬಿಟ್ಟು ಕೇಳಿದ್ದು ಇದೊಂದೇ, ಹೋಗಿ ತಂದುಕೊಳ್ಳಲಿ ಎಂದು, ಜೊತೆಗೆ ನನ್ನನ್ನು ಕಳಿಸಿದರು.

ದೊರೆಸಾನಿ ಹಣ ಕೊಟ್ಟ ಕೂಡಲೇ ಮರಿ ಕೊಡುವ ಹೆಂಗಸಲ್ಲ. ಅತ್ತೆಯನ್ನು ವರಾಂಡದಲ್ಲಿ ಕೂರಿಸಿ, ಬಿಳಿಯ ಮರಿಯೊಂದನ್ನು ಅವರ ಮಡಿಲಿಗೆ ಹಾಕಿ, ತಾನು ಎದುರಿಗೆ ಕುಳಿತು ಸುಮ್ಮನೆ ನೋಡುತ್ತಿದ್ದಳು. ಮರಿ ಅತ್ತೆಯ ಸೆರಗಿನೊಳಗೆ ತಲೆ ತೂರಿಸಿ ನಿದ್ದೆ ಹೋಯಿತು. ಆಮೇಲೆಯೇ ಆಕೆಯ ಮುಖ ಸಡಿಲವಾದದ್ದು. ಅದರ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನೆಲ್ಲ ನೆಂಟಸ್ತಿಕೆ ಹೇಳುವಂತೆ ಹೇಳಿದಳು. ಕೂದಲು ಗಂಟು ಬೀಳದಂತೆ ಬಾಚುವುದನ್ನು ತೋರಿಸಿದಳು. ಮುಚ್ಚಳವಿದ್ದ ಬಿದಿರಿನ ಬುಟ್ಟಿಯಲ್ಲಿ ಮರಿಯನ್ನಿಟ್ಟು ಕೊಡುವಾಗ ಅವಳ ಕಣ್ಣು ಒದ್ದೆಯಾಗಿತ್ತು.

ಇದರಲ್ಲೆಲ್ಲ ಹೊತ್ತಾಗಿ, ಮಧ್ಯಾಹ್ನದ ಬಸ್ಸಿನಲ್ಲಿ ನಮಗೆ ಸಿಕ್ಕಿದ್ದು ಕೊನೆಯ ಸೀಟು. ಬೆನ್ನಿಗೇ ಒಲೆ. ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡೆವು. ಪಕ್ಕದಲ್ಲಿ ಎಳೆಗೂಸನ್ನು ಎತ್ತಿಕೊಂಡಿದ್ದ ರೈತರ ಹೆಣ್ಣುಮಗಳೊಬ್ಬಳು. ತೌರಿನಿಂದ ನುಗ್ಗೇಹಳ್ಳಿಗೆ ಹೊರಟಿದ್ದೇನೆಂದು ಅತ್ತೆಗೆ ಹೇಳುತ್ತಿದ್ದಳು. ಊರು ದಾಟುತ್ತಿದ್ದಂತೆ ಮಳೆ ಹಿಡಿಯಿತು. ಕ್ಲೀನರ್ ಎರಡೂ ಕಡೆಯ ಟಾರ್ಪಾಲು ಇಳಿಬಿಟ್ಟು ಹಗ್ಗ ಬಿಗಿದು, ಮುಂದೆ ಡ್ರೈವರ್ ಪಕ್ಕಕ್ಕೆ ಹೋಗಿ ಕುಳಿತ. ಒಳಗೆ ಕತ್ತಲೆಯಾಯಿತು.

ಸ್ವಲ್ಪ ಹೊತ್ತಿಗೆ ನನಗೆ ತಲೆ ಸಿಡಿಯತೊಡಗಿತು. ಬಸ್ಸಿನ ಕುಲುಕಾಟಕ್ಕೆ ಎಂದುಕೊಂಡೆ. ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅತ್ತೆ ನನ್ನ ಭುಜಕ್ಕೆ ಒರಗಿ ಮಲಗಿದರು. ನನಗೂ ಕಣ್ಣು ಎಳೆಯುತ್ತಿತ್ತು. ಆದರೆ ದಾರಿಯುದ್ದಕ್ಕೂ ಪರಚುತ್ತ ಕೂಗುತ್ತಿದ್ದ ಮರಿಯ ಸದ್ದು ನಿಂತುಹೋಗಿತ್ತು. ಬಗ್ಗಿ ಮುಚ್ಚಳ ತೆಗೆದೆ. ಮರಿ ಒದ್ದೆ ಬಟ್ಟೆಯಂತೆ ಬಿದ್ದಿತ್ತು, ನಾಲಗೆ ಹೊರಗೆ ಚಾಚಿತ್ತು. ಎತ್ತಿದರೆ ಕತ್ತು ಜೋತುಬಿತ್ತು.

ಅತ್ತೆಗೆ ಏನು ಹೇಳುವುದೆಂದು ಹೆದರಿಕೆಯಾಯಿತು. ಮೆಲ್ಲಗೆ ಅವರನ್ನು ಅಲುಗಿಸಿದೆ. ಏಳಲಿಲ್ಲ. ಜೋರಾಗಿ ಅಲುಗಿಸಿದೆ. ಅವರು ಹಾಗೇ ಜಾರಿ ಪಕ್ಕಕ್ಕೆ ಬಿದ್ದರು. ಆಗ ಸುತ್ತ ನೋಡಿದೆ. ಬಸ್ಸಿನಲ್ಲಿದ್ದವರೆಲ್ಲ ತಲೆ ನೇತುಹಾಕಿಕೊಂಡಿದ್ದರು. ಆ ತಾಯಿಯ ಮಡಿಲಲ್ಲಿ ಕೂಸಿನ ಕೈ ಕೆಳಗೆ ಇಳಿಬಿದ್ದು, ಬಸ್ಸು ಕುಲುಕಿದಂತೆ ಕುಲುಕುತ್ತಿತ್ತು.

ಅಂಥ ಭಯವನ್ನು ನಾನು ಮತ್ತೆಂದೂ ಪಟ್ಟಿಲ್ಲ. ಎದ್ದರೆ ಕಾಲು ನನ್ನದಾಗಿರಲಿಲ್ಲ. ಸೀಟುಗಳ ನಡುವೆ ಅಂಬೆಗಾಲಿಟ್ಟುಕೊಂಡು, ಯಾರ್‍ಯಾರದೋ ಕಾಲು ತುಳಿದುಕೊಂಡು ಮುಂದಕ್ಕೆ ಹೋದೆ. ದಾರಿ ಮುಗಿಯುವುದೇ ಇಲ್ಲ ಅನ್ನಿಸಿತು. ಕೊನೆಗೆ ಡ್ರೈವರನ ಅಂಗಿ ಹಿಡಿದು ಜಗ್ಗಿದೆ.

ಅವನ ಕಡೆ ತೆರೆದಿದ್ದರಿಂದ ಅವನಿಗೆ ಏನೂ ಆಗಿರಲಿಲ್ಲ. ತಿರುಗಿ ನೋಡಿದವನೇ ಬಸ್ಸು ನಿಲ್ಲಿಸಿದ. "ಗ್ಯಾಸು ಒಳಕ್ಕೆ ಬಂದ್ಬುಟ್ಟೈತೆ ಕಣ್ಲಾ. ಹಗ್ಗ ಕುಯ್ದಾಕು, ಎಲ್ರನೂ ಕೆಳಕ್ಕಿಳ್ಸು" ಎಂದು ಕ್ಲೀನರನಿಗೆ ಕೂಗಿದ. ಒಲೆಯ ಕೊಳವೆ ಎಲ್ಲೋ ಬಿರುಕು ಬಿಟ್ಟಿತ್ತಂತೆ. ಟಾರ್ಪಾಲು ಮುಚ್ಚಿದ್ದರಿಂದ ವಿಷದ ಗಾಳಿ ಒಳಗೇ ನಿಂತಿತ್ತು.

ಶಾಂತಿಗ್ರಾಮ ಹತ್ತಿರವೇ ಇತ್ತು. ಹೊಲದಲ್ಲಿದ್ದವರು ಓಡಿಬಂದು, ಒಬ್ಬೊಬ್ಬರನ್ನಾಗಿ ಹೊತ್ತು ತಂದು ಮಳೆಯಲ್ಲೇ ರಸ್ತೆ ಬದಿಯ ಹುಲ್ಲಿನ ಮೇಲೆ ಮಲಗಿಸಿದರು. ಕೆಲವರು ವಾಂತಿ ಮಾಡಿಕೊಂಡು ಎದ್ದು ಕುಳಿತರು. ಕೂಸಿನ ತಾಯಿ ಎಚ್ಚರವಾದವಳೇ ಅದನ್ನು ಎದೆಗೆ ಒತ್ತಿಕೊಂಡು, "ನನ್ ಕೂಸು ಯಾಕವ್ವಾ ಅಳಾಕಿಲ್ಲ?" ಎಂದು ನನ್ನನ್ನೇ ಕೇಳಿದಳು. ಹಳ್ಳಿಯ ಮುದುಕಿಯೊಬ್ಬಳು ಕೂಸನ್ನು ಇಸಕೊಂಡು, ಮುಖವನ್ನು ಮಳೆಗೆ ಹಿಡಿದು, ಅಂಗಾಲು ತಿಕ್ಕತೊಡಗಿದಳು. ಕೊನೆಗೆ ಕೂಸು ಕುಯ್ಯೆಂದಿತು. ಆಮೇಲೆ ಜೋರಾಗಿ ಅತ್ತಿತು. ಆ ಅಳು ಕೇಳಿ ಡ್ರೈವರ್ ರಸ್ತೆಯಲ್ಲೇ ಕುಕ್ಕರಿಸಿ ಕುಳಿತುಬಿಟ್ಟ.

ಅತ್ತೆಗೆ ಎಚ್ಚರವಾದದ್ದು ಎಲ್ಲರಿಗಿಂತ ತಡವಾಗಿ. ಕಣ್ಣು ಬಿಟ್ಟವರು ಕೇಳಿದ್ದು, "ಮರಿ ಎಲ್ಲಿ ಪುಟ್ಟಿ?" ಎಂದು. ಕ್ಲೀನರ್ ಬುಟ್ಟಿ ತಂದಿಟ್ಟಿದ್ದ. ಅದು ಹೋಗಿಬಿಟ್ಟಿದೆ ಎಂದು ನಾನು ಅಳತೊಡಗಿದೆ. ಅವರು ನನ್ನ ಮಾತು ನಂಬಲಿಲ್ಲ. ಮರಿಯನ್ನು ಮಡಿಲಿಗೆ ಹಾಕಿಕೊಂಡು ಸೆರಗಿನಿಂದ ತಿಕ್ಕಿದರು, ಅದರ ಮೂಗಿಗೆ ಊದಿದರು, ಮತ್ತೆ ತಿಕ್ಕಿದರು. ನೋಡುವವರಿಗೆ ಕರುಣೆ ಬರುವಷ್ಟು ಹೊತ್ತು. ಬೇರೆ ಬಸ್ಸು ಬಂದು ಜನ ಹತ್ತುತ್ತಿದ್ದಾಗ ಮರಿ ಒಂದು ಸಲ ಸೀನಿತು.

ಮರಿ ಬದುಕಿತು, ಬಹಳ ವರ್ಷ ಬಾಳಿತು. ಆದರೆ ಅದಕ್ಕೆ ಕಿವಿ ಕೇಳಿಸುತ್ತಿರಲಿಲ್ಲ. ಆ ಗಾಳಿಯಿಂದಲೋ, ಹುಟ್ಟಿನಿಂದಲೋ ತಿಳಿಯದು. ಅತ್ತೆ ನೆಲವನ್ನು ಅಂಗಾಲಿನಿಂದ ತಟ್ಟಿ ಕರೆಯುತ್ತಿದ್ದರು. ಅದು ಎಲ್ಲಿದ್ದರೂ ಬಾಲವೆತ್ತಿಕೊಂಡು ಬರುತ್ತಿತ್ತು. ನನಗೆ ಮಾತ್ರ ಅದು ಮಲಗಿದಾಗಲೆಲ್ಲ ದಿಗಿಲು. ಎಷ್ಟು ಸದ್ದಾದರೂ ಏಳುತ್ತಿರಲಿಲ್ಲವಲ್ಲ, ಹತ್ತಿರ ಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟು, ಉಸಿರಾಡುವುದು ಗೊತ್ತಾದ ಮೇಲೆಯೇ ನನಗೆ ಸಮಾಧಾನ. ಮುಂದೆ ನನ್ನ ಮಕ್ಕಳಿಗೂ ಹಾಗೇ ಮಾಡಿದೆ. ಈಗ ಮೊಮ್ಮಕ್ಕಳು, "ಅಜ್ಜಿ, ಕೈ ತಣ್ಣಗಿದೆ, ತೆಗಿ" ಎಂದು ನಿದ್ದೆಗಣ್ಣಲ್ಲೇ ಗೊಣಗಿ ಮಗ್ಗಲು ಬದಲಿಸುತ್ತಾರೆ. ಹಾಗೆ ಗೊಣಗಿದರೆ ನನಗೆ ಅಷ್ಟೇ ಸಾಕು.