ಯಲವಿಗಿ ಸ್ಟೇಶನ್ನಿನ ಕರಿ ಬೋರ್ಡು

ಒದ್ದೆ ಬಟ್ಟೆಯಲ್ಲಿ ಸೀಮೆಸುಣ್ಣ ಒರೆಸಿದ ವಾಸನೆ ಎಲ್ಲಿ ಬಂದರೂ ನನಗೆ ಯಲವಿಗಿ ಸ್ಟೇಶನ್ನಿನ ಕರಿ ಬೋರ್ಡು ನೆನಪಾಗುತ್ತದೆ. ಎಪ್ಪತ್ತರ ದಶಕದಲ್ಲಿ ಸವಣೂರಿನ ನಮ್ಮ ಮನೆಯಿಂದ ಯಾರು ಹೊರಟರೂ ರೈಲು ಹತ್ತಿಸಲು ಎಲ್ಲರೂ ಅಲ್ಲಿಗೆ ಹೋಗುತ್ತಿದ್ದೆವು. ಗಾಡಿ ಬರುವ, ಬಿಡುವ ಹೊತ್ತನ್ನು ಸ್ಟೇಶನ್ ಮಾಸ್ತರರು ಅದರ ಮೇಲೆ ದುಂಡಗೆ ಬರೆಯುತ್ತಿದ್ದರು. ಅಪ್ಪನಿಗೆ ಅದು ವೇದವಾಕ್ಯ. ಅವನ ತಾಯಿ, ನಮ್ಮ ಆಯಿಗೆ, ಹಾಲಿನವಳ ಅಳತೆಯಿಂದ ಹಿಡಿದು ಹೊಸ ಅಳಿಯನ ನಗುವಿನವರೆಗೆ ಎಲ್ಲದರ ಮೇಲೂ ಅನುಮಾನ. ಗಾಡಿ ತಡವೆಂದು ಬರೆದರೆ, ನಮ್ಮನ್ನು ಚಹಾಕ್ಕೆ ಕಳಿಸಿ ತಮ್ಮವರಿಗೆ ಜಾಗ ಹಿಡಿಯುವ ಮಾಸ್ತರರ ಹುನ್ನಾರ ಅನ್ನುವಳು. "ಖಡೂಲೆ ಬರದದ್ದು ಖರೇ ಇರ್ತದೇನೋ?" ಎಂದು ಸೀಮೆಸುಣ್ಣದ ಅಕ್ಷರ ತೋರಿಸಿ ಅಪ್ಪನನ್ನು ಗದರಿ, ನಮ್ಮನ್ನು ಗಂಟುಗಳ ಮೇಲಿಂದ ಏಳಲು ಬಿಡುತ್ತಿರಲಿಲ್ಲ. ನಮಗೋ ನಗು.

ಪಂಚಮಿಗೆ ತವರಿಗೆ ಬಂದಿದ್ದ ಅಕ್ಕನನ್ನು ಮಿರಜಿನ ಗಂಡನ ಮನೆಗೆ ಕಳಿಸುವ ದಿನವೂ ಹಾಗೇ ಕುಳಿತಿದ್ದೆವು. ಅಕ್ಕ ಉಂಡಿಯ ಡಬ್ಬಿ ಎತ್ತಿಕೊಳ್ಳುವಾಗ ಬಳೆಗಳು ಹಿಂದೆ ಸರಿದು, ಎರಡೂ ಮುಂಗೈಯ ಕಂದುಗಟ್ಟಿದ ಕಲೆಗಳು ಕಂಡವು. ಬಾವಿಕಟ್ಟೆಯ ಹತ್ತಿರ ಬಿದ್ದೆ ಎಂದು ಅವಳು ಮನೆಯಲ್ಲಿ ಹೇಳಿದ್ದಳು, ಅಪ್ಪ ನಂಬಿದ್ದ.

"ಬಾವಿಕಟ್ಟಿ ಎರಡೂ ಕೈ ಹಿಡದು ತಿರುವಿತ್ತೇನ? ಖರೆ ಹೇಳು," ಎಂದಳು ಆಯಿ.

ಅಕ್ಕ ಅತ್ತಳು. "ನಾ ಹೋಗೂದಿಲ್ಲ ಆಯಿ. ಈ ಸಲ ಹೋದರ ನಾ ಉಳಿಯೂದಿಲ್ಲ."

ಅಪ್ಪ ಮುಖ ತಿರುಗಿಸಿದ. "ಮಂದಿ ಏನಂದಾರವ್ವಾ? ಗಾಡಿ ಹೊತ್ತಾತು, ಬೋರ್ಡ್ ನೋಡಿಲ್ಲಿ."

ಆಯಿ ಎದ್ದು ಬೋರ್ಡಿನ ಹತ್ತಿರ ಹೋದಳು. ಸೆರಗು ಹಿಡಿದು ಮಿರಜಿನ ಗಾಡಿಯ ಸಾಲನ್ನು ಪೂರಾ ಒರೆಸಿದಳು. "ನೋಡಿದೆ. ಮಿರಜಿಗೆ ಇವತ್ತ ಗಾಡಿ ಇಲ್ಲ."

ದೂರದಲ್ಲಿ ಸೀಟಿ ಕೇಳಿಸಿತು. ಅಪ್ಪ ಆ ಖಾಲಿ ಜಾಗವನ್ನೇ ನೋಡುತ್ತ ನಿಂತ. ಆಮೇಲೆ ಟ್ರಂಕು ಹೆಗಲಿಗೇರಿಸಿ ಸವಣೂರಿನ ಬಸ್ಸಿನ ಕಡೆಗೆ ನಡೆದ. ಮಾಸ್ತರರು ಬಾಗಿಲಲ್ಲೇ ಇದ್ದರು. ನಾವು ಹೊರಬೀಳುವ ತನಕ ಆ ಸಾಲನ್ನು ತಿರುಗಿ ಬರೆಯಲಿಲ್ಲ.

ಆಯಿ ಹೋದಳು, ಅಪ್ಪನೂ ಹೋದ, ಆ ಮನೆ ಈಗ ಇನ್ನೊಬ್ಬರದು. ಅಕ್ಕ ಮಾತ್ರ ಇದ್ದಾಳೆ, ತಲೆ ಬೆಳ್ಳಗಾಗುವಷ್ಟು ಬದುಕಿದ್ದಾಳೆ. ಸ್ಟೇಶನ್ನುಗಳಲ್ಲಿ ಈಗ ಕೆಂಪು ಅಕ್ಷರಗಳು ತಾವಾಗಿಯೇ ಓಡುತ್ತವೆ. ಅವು ತಪ್ಪುವುದಿಲ್ಲವಂತೆ. ನಂಬಲು ನನಗೆ ಮನಸ್ಸಿಲ್ಲ, ಆಯಿಯ ಅನುಮಾನ ನನಗೂ ಅಂಟಿದೆ. ಟ್ರಂಕಿನ ಪಕ್ಕ ತಲೆ ತಗ್ಗಿಸಿ ಕುಳಿತ ಹುಡುಗಿ ಕಂಡರೆ ಮೊದಲು ಅವಳ ಕೈ ನೋಡುತ್ತೇನೆ, ಆಮೇಲೆ ಬೋರ್ಡು ನೋಡುತ್ತೇನೆ. ಅದು ಬಲು ಎತ್ತರದಲ್ಲಿದೆ. ಯಾರ ಸೆರಗಿಗೂ ನಿಲುಕುವುದಿಲ್ಲ.