ಕೊಟ್ರಮ್ಮನವರ ಗೆರೆ

ಖಾಲಿ ಜಾಗ ಕಂಡರೆ ಕೊಟ್ರಮ್ಮನವರಿಗೆ ಆಗುತ್ತಿರಲಿಲ್ಲ. ಯಾವ ಅರ್ಜಿಯಾದರೂ ಸರಿ, ತುಂಬದೆ ಬಿಟ್ಟ ಕಾಲಂ ಕಣ್ಣಿಗೆ ಬಿತ್ತೋ, ತುರುಬಿಗೆ ಸಿಕ್ಕಿಸಿದ್ದ ಪೆನ್ನು ಕೈಗೆ ಬರುತ್ತಿತ್ತು, ಅಡ್ಡ ಗೆರೆ ಬೀಳುತ್ತಿತ್ತು. ಒಮ್ಮೆ ನಮ್ಮ ಮನೆಯವರು ನನ್ನ ಮದುವೆಗೆಂದು ಮಾಡಿಸಿದ ಬಯೋಡಾಟಾವನ್ನು ಅವರಿಗೆ ತೋರಿಸಿದ್ದೆ. ‘ಹವ್ಯಾಸ’ ಎಂಬ ಕಾಲಂ ಖಾಲಿ ಉಳಿದಿತ್ತು. ಕೊಟ್ರಮ್ಮನವರು ನನ್ನನ್ನು ಒಂದು ಮಾತೂ ಕೇಳದೆ ಅಲ್ಲೊಂದು ಗೆರೆ ಎಳೆದು ವಾಪಸ್ ಕೊಟ್ಟರು. ಹೆಣ್ಣಿನ ಮನೆಯವರು ಏನೆಂದುಕೊಂಡರೋ, ಮತ್ತೆ ಫೋನ್ ಮಾಡಲಿಲ್ಲ.

“ಗೆರಿ ಹೊಡದ್ರ, ಕೇಳೀವಿ, ಇಲ್ಲ ಅಂದಾರ ಅಂತ ಅರ್ಥ. ಸುಮ್ನ ಬಿಟ್ರ, ಕೇಳೇ ಇಲ್ಲ ಅಂತ ಅರ್ಥ. ಎರಡೂ ಒಂದೇ ಏನು ತಮ್ಮ?” ಎನ್ನುತ್ತಿದ್ದರು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದು ಪೂರ್ತಿ ಅರ್ಥವಾದದ್ದು ಮಾತ್ರ ತೀರ ಕೊನೆಗೆ, ಅದೂ ಅರ್ಥವಾಗಿದೆಯೋ ಇಲ್ಲವೋ ಎಂಬ ಅನುಮಾನ ಈಗಲೂ ಇದೆ.

ನಾನಿರುವುದು ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹೆಸರು ಬೇಡ. ಮುಖ್ಯ ಆಸ್ಪತ್ರೆ ಹಗರಿಬೊಮ್ಮನಹಳ್ಳಿಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಲ್ಲಿ ಒಂದೊಂದು ಶಾಖೆ. ಕೊಟ್ರಮ್ಮನವರು ನರ್ಸಾಗಿ ಸೇರಿ, ಮೊಣಕಾಲು ಕೈಕೊಟ್ಟ ಮೇಲೆ ರೆಕಾರ್ಡ್ ರೂಮಿನ ಮುಖ್ಯಸ್ಥೆಯಾದವರು. ಕಾಗದದ ಕಡತಗಳ ಬದಲು ಕಂಪ್ಯೂಟರ್ ಬಂದಾಗ ಅದರ ಜೊತೆಗೆ ಬಂದವನು ನಾನು. ರೋಗಿಯ ದಾಖಲೆ ಕೌಂಟರಿನಿಂದ ನರ್ಸಿಗೆ, ನರ್ಸಿನಿಂದ ಡಾಕ್ಟರಿಗೆ, ಅಲ್ಲಿಂದ ಔಷಧಿ ಅಂಗಡಿಗೆ ಹೋಗುತ್ತದೆ. ಅದರಲ್ಲಿ ಯಾವ ಕಾಲಂ ಯಾರಿಗೆ ಕಾಣಬೇಕು, ಯಾರು ಬರೆಯಬೇಕು ಎಂಬ ನಿಯಮ ಹಾಕುವುದು ನನ್ನ ಕೆಲಸ. ಒಬ್ಬೊಬ್ಬರ ಕೆಲಸಕ್ಕೆ ತಕ್ಕ ಅಧಿಕಾರಕ್ಕೆ ರೋಲ್ ಎನ್ನುತ್ತೇವೆ: ನರ್ಸಿಗೆ ನರ್ಸಿನ ರೋಲ್, ಕೌಂಟರಿನವರಿಗೆ ಕೌಂಟರಿನ ರೋಲ್. ಹೇಳುವುದಕ್ಕೆ ಇಷ್ಟು ಸುಲಭ.

ಮೊದಲ ದಿನ ಕನ್ನಡಕ ಹಾಕಿಕೊಂಡು ಪರದೆಯನ್ನು ಮೇಲಿಂದ ಕೆಳಗೆ ನೋಡಿದ ಕೊಟ್ರಮ್ಮನವರು ಕೇಳಿದ್ದು ಒಂದೇ ಪ್ರಶ್ನೆ: “ಗೆರಿ ಎಲ್ಲೈತಿ?”

“ಕಂಪ್ಯೂಟರಿನಾಗ ಗೆರಿ ಇರಂಗಿಲ್ರಿ ಅಕ್ಕಾರ.”

“ಹಂಗಾರ ಇದಕ್ಕಿನ್ನೂ ಬುದ್ಧಿ ಬಂದಿಲ್ಲ.”

ನಾನು ನಕ್ಕೆ. ಓದಿದವನ ನಗು ಅದು, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಕೊಟ್ಟೂರಿನ ಶಾಖೆಯಿಂದ ನರ್ಸ್ ರೇಣುಕಾ ಕೊಟ್ರಮ್ಮನವರಿಗೆ ಫೋನ್ ಮಾಡಿದಳು. ಬಸ್ ನಿಲ್ದಾಣದ ಬಳಿ ಹೂ ಮಾರುವ ಹೆಂಗಸು ಕಾಲಿಗೆ ಕೀವು ಕಟ್ಟಿಕೊಂಡು ಬಂದಿದ್ದಾಳೆ, ಡಾಕ್ಟರು ಇಂಜೆಕ್ಷನ್ ಬರೆದಿದ್ದಾರೆ. ಆದರೆ ‘ಮೈಗೆ ಆಗದ ಔಷಧಿ’ ಎಂಬ ಕಾಲಂ ಖಾಲಿ ಇದೆ. “ಗೆರಿ ಬ್ಯಾರೆ ಇಲ್ಲ, ಅದಕ್ಕ ಕೇಳಿದೆ. ಕೊಡಲೇನ್ರಿ ಅಕ್ಕಾರ?”

ರೇಣುಕಾ ಕೊಟ್ರಮ್ಮನವರ ಕೈಯಲ್ಲಿ ಪಳಗಿದವಳು. “ತಡಿ, ಮುಟ್ಟಬ್ಯಾಡ,” ಎಂದು ಇವರು ನನ್ನ ಕಡೆ ನೋಡಿದರು. ನಾನು ಅದೇ ಹೆಂಗಸಿನ ದಾಖಲೆ ತೆರೆದೆ. ನನ್ನ ಪರದೆಯ ಮೇಲೆ ಕಾಲಂ ಖಾಲಿ ಇರಲಿಲ್ಲ. ಹರಪನಹಳ್ಳಿಯಲ್ಲಿ ಯಾವಾಗಲೋ ತೋರಿಸಿಕೊಂಡಾಗ ಬರೆದದ್ದು ಸ್ಪಷ್ಟವಾಗಿತ್ತು. ಅವಳ ಮೈಗೆ ಆಗದ ಔಷಧಿಯೂ, ರೇಣುಕಾ ಕೈಯಲ್ಲಿ ಹಿಡಿದಿದ್ದ ಔಷಧಿಯೂ ಒಂದೇ.

ಡಾಕ್ಟರು ಬೇರೆ ಔಷಧಿ ಬರೆದರು, ಹೆಂಗಸು ಮನೆಗೆ ಹೋದಳು. ನನ್ನ ತಲೆ ಮಾತ್ರ ಅಲ್ಲೇ ನಿಂತಿತು. ನನಗೆ ಕಾಣುತ್ತದೆ, ರೇಣುಕಾಳಿಗೆ ಕಾಣುವುದಿಲ್ಲ. ನರ್ಸಿಗೆ ಆ ಕಾಲಂ ಕಾಣಬೇಕೆಂಬ ನಿಯಮವನ್ನು ನಾನೇ ಹಾಕಿದ್ದೆ, ಅದು ಇದ್ದ ಕಡೆ ಇತ್ತು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚು ಎಂದೆ, ಬೇರೆ ಕಂಪ್ಯೂಟರಿನಲ್ಲಿ ನೋಡು ಎಂದೆ. ಅಧಿಕಾರ ಸಾಲದಿರಬಹುದು ಎಂದು ಅವಳಿಗೆ ಔಷಧಿ ಅಂಗಡಿಯ ರೋಲನ್ನೂ ಸೇರಿಸಿದೆ.

“ಸರ, ಈಗ ವಯಸ್ಸೂ ಹೋತ್ರಿ.”

ಲ್ಯಾಬಿನ ರೋಲ್ ಸೇರಿಸಿದೆ.

“ಹೆಸರೂ ಹೋತ್ರಿ ಸರ. ಈಗ ಬರೇ ನಂಬರ್ ಐತಿ.”

ಕೊಟ್ಟಷ್ಟೂ ಕಡಿಮೆಯಾಗುವ ಇಂಥ ಅಧಿಕಾರವನ್ನು ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಕೊಟ್ರಮ್ಮನವರು ಕೈಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. “ನೀನು ಎಲ್ಲಾ ಕಾಣಾವ. ನಿನಗ ಕಂಡ್ರ ಏನು ಬಂತು? ಕಾಣದಾಕಿ ಕುರ್ಚ್ಯಾಗ ಕುಂತು ನೋಡು, ನಡಿ.” ಇಬ್ಬರೂ ಕೊಟ್ಟೂರಿನ ಬಸ್ ಹತ್ತಿದೆವು.

ರೇಣುಕಾಳ ಕುರ್ಚಿಯಲ್ಲಿ ಕೂತು ಪರದೆ ನೋಡಿದರೂ ನನಗೆ ಏನೂ ಹೊಳೆಯಲಿಲ್ಲ. ಕೊಟ್ರಮ್ಮನವರು ಪರದೆ ನೋಡಲೇ ಇಲ್ಲ, ರೇಣುಕಾಳನ್ನು ನೋಡುತ್ತಾ ಕೂತರು. ಅವಳು ಒಬ್ಬರಿಗೆ ಬ್ಯಾಂಡೇಜ್ ಕಟ್ಟಿದಳು, ಎದ್ದು ಹೋಗಿ ಕೌಂಟರಿನಲ್ಲಿ ಇನ್ನೊಬ್ಬರ ಹೆಸರು ಬರೆದುಕೊಂಡಳು, ಬಂದು ಮತ್ತೆ ಬ್ಯಾಂಡೇಜ್ ಹಿಡಿದಳು. ಕೌಂಟರಿನವಳು ಬಾಣಂತನಕ್ಕೆ ಹೋಗಿದ್ದರಿಂದ ಆ ಕೆಲಸವೂ ಇವಳದೇ ಆಗಿತ್ತು. ಅದಕ್ಕೆಂದು ಕೌಂಟರಿನ ರೋಲನ್ನೂ ನಾನೇ ಕೊಟ್ಟು ಮರೆತಿದ್ದೆ.

“ಈಕಿ ಈಗ ಯಾರು? ನರ್ಸೋ, ಕೌಂಟರಿನಾಕಿಯೋ?”

“ಎರಡೂ ರಿ.”

“ಎರಡರಾಗ ಒಂದು ತಗದು ನೋಡು.”

ಅಷ್ಟು ಹೊತ್ತು ಸೇರಿಸಿದ್ದೇ ಸೇರಿಸಿದ್ದು, ತೆಗೆಯುವುದು ನನಗೆ ಹೊಳೆದೇ ಇರಲಿಲ್ಲ. ಒಂದೊಂದಾಗಿ ತೆಗೆದೆ. ಲ್ಯಾಬ್ ತೆಗೆದಾಗ ಹೆಸರು ಬಂತು, ಔಷಧಿ ಅಂಗಡಿ ತೆಗೆದಾಗ ವಯಸ್ಸು ಬಂತು, ಕೌಂಟರ್ ತೆಗೆದ ಕೂಡಲೇ ಮೈಗಾಗದ ಔಷಧಿಯ ಹೆಸರು ತಾನಾಗಿ ಬಂದು ಕೂತಿತು. ಕೌಂಟರಿನವರಿಗೆ ಕಾಯಿಲೆಯ ವಿವರ ತೋರಿಸಬೇಡ ಎಂದು ನಾನು ಬರೆದಿದ್ದ ನಿಯಮ ರೇಣುಕಾಳ ಬೆನ್ನಿಗೂ ಬಿದ್ದಿತ್ತು; ಲ್ಯಾಬಿನವರಿಗೆ ಹೆಸರು, ಔಷಧಿ ಅಂಗಡಿಯವರಿಗೆ ವಯಸ್ಸು ಬೇಡ ಎಂದದ್ದೂ ಹಾಗೆಯೇ. ಒಂದು ನಿಯಮ ‘ತೋರಿಸು’, ಇನ್ನೊಂದು ‘ತೋರಿಸಬೇಡ’ ಎಂದರೆ ಈ ಸಾಫ್ಟ್‌ವೇರ್ ಕೇಳುವುದು ‘ಬೇಡ’ ಎಂದ ನಿಯಮದ ಮಾತನ್ನೇ. ಅದನ್ನು ಮಾಡಿದವರ ಊರಿನಲ್ಲಿ ಒಂದು ಕುರ್ಚಿಗೆ ಒಬ್ಬರು ಇರುತ್ತಾರೇನೋ. ನಮ್ಮ ಶಾಖೆಗಳಲ್ಲಿ ಒಬ್ಬರೇ ಮೂರು ಕುರ್ಚಿಗೆ ಓಡಾಡುತ್ತಾರೆ.

ಅಂದಿನಿಂದ ನಾನು ಕೊಟ್ರಮ್ಮನವರ ಶಿಷ್ಯ. ಅವರು ಹೇಳಿದ ಹಾಗೆ ಪರದೆಗೆ ಗೆರೆ ತಂದೆ. ಕೇಳಿ ‘ಇಲ್ಲ’ ಎಂದು ಗುರುತು ಮಾಡಿದರೆ ಗೆರೆ. ಬರೆದದ್ದು ಇದ್ದು, ನೋಡುವವರಿಗೆ ಅಪ್ಪಣೆ ಇಲ್ಲದಿದ್ದರೆ ಸಣ್ಣದೊಂದು ಬೀಗದ ಚಿತ್ರ. ಕೇಳದೇ ಇದ್ದರೆ ಮಾತ್ರ ಖಾಲಿ.

ಇನ್ನೊಂದು ಕಾಲಂ ಬಗ್ಗೆ ಅವರು ಬಹಳ ಗಟ್ಟಿಯಾಗಿದ್ದರು. ಅದು ಡಾಕ್ಟರು ಬರೆಯುವ ಗುಪ್ತ ಟಿಪ್ಪಣಿ. ಹಿಂದೆ ಒಂದು ಶಾಖೆಯಲ್ಲಿ ಯಾರೋ ಒಂದು ಹುಡುಗಿಯ ಕಾಗದ ನೋಡಿ, ಬಾಯಿ ತಡೆಯದೆ ಸಂಬಂಧಿಕರ ಮುಂದೆ ಆಡಿ, ನಿಶ್ಚಯವಾಗಿದ್ದ ಮದುವೆ ಮುರಿದಿತ್ತಂತೆ. “ಇಲ್ಲಿ ಯಾರಿಗೆ ಯಾರು ಬೀಗರಾಗಬೇಕೋ ಹೇಳಾಕ ಬರಲ್ಲ. ನೋಡೋ ಡಾಕ್ಟರಿಗೆ ಬಿಟ್ರ ಯಾರಿಗೂ ಕಾಣಬಾರ್ದು. ನಿನಗೂ.”

“ನನಗ ಕಾಣದಿದ್ರ ರಿಪೇರಿ ಹೆಂಗ ಮಾಡ್ಲಿ?”

“ನನ್ನ ಹೆಸರಿನ ದಾಖಲಿ ಇಟ್ಕೊಂಡು ಪರೀಕ್ಷೆ ಮಾಡು. ನನಗೇನು ರೋಗಿಲ್ಲ ರುಜಿನಿಲ್ಲ, ಗಟ್ಟಿ ಅದೀನಿ.”

ಬದುಕಿರುವ ಮನುಷ್ಯರ ದಾಖಲೆಯನ್ನು ಪರೀಕ್ಷೆಗೆ ಬಳಸಬಾರದು ಎಂದು ನನಗೆ ಗೊತ್ತಿತ್ತು. ಆದರೂ ಹೂಂ ಎಂದೆ. ಮುಂದೆ ಯಾವ ನಿಯಮ ಬದಲಿಸಿದರೂ ಮೊದಲು ತೆರೆಯುತ್ತಿದ್ದದ್ದು ಅವರ ದಾಖಲೆಯನ್ನೇ. ಮೇಲಿಂದ ಕೆಳಗಿನವರೆಗೆ ಗೆರೆ, ಗೆರೆ, ಗೆರೆ. ಅದನ್ನು ನೋಡಿದರೆ ಎಲ್ಲ ಸರಿಯಿದೆ ಎಂದು ನನಗೆ ಧೈರ್ಯ.

ಒಂದು ಸೋಮವಾರ ಅವರು ಬರಲಿಲ್ಲ. ಬಾಗಳಿಯ ತಂಗಿಯ ಮನೆಗೆ ಹೋಗಿದ್ದಾರೆ, ರಜೆ ಎಂದು ಉಳಿದವರು ಹೇಳಿದರು. ಅದೇ ವಾರ ಹೊಸ ನಿಯಮವೊಂದನ್ನು ಹಾಕಿ, ಎಂದಿನಂತೆ ಅವರ ದಾಖಲೆ ತೆರೆದೆ. ಗುಪ್ತ ಟಿಪ್ಪಣಿಯ ಕಾಲಮ್ಮಿನಲ್ಲಿ ಗೆರೆ ಇರಲಿಲ್ಲ. ಬೀಗ ಬಿದ್ದಿತ್ತು.

ನನ್ನ ಹೊಸ ನಿಯಮವೇ ಏನೋ ಕೆಡಿಸಿದೆ ಎಂದುಕೊಂಡೆ. ಅದನ್ನು ತೆಗೆದೆ, ಬೀಗ ಹೋಗಲಿಲ್ಲ. ಗುಪ್ತ ಟಿಪ್ಪಣಿಯದೊಂದನ್ನು ಬಿಟ್ಟು ಹಳೆಯ ನಿಯಮಗಳನ್ನು ಒಂದೊಂದಾಗಿ ಬಿಚ್ಚಿದೆ, ಡಾಕ್ಟರದೊಂದನ್ನು ಬಿಟ್ಟು ಒಂದೊಂದು ರೋಲಿನ ಕುರ್ಚಿಯಲ್ಲಿ ಕೂತು ನೋಡಿದೆ. ಬೇರೆಯವರ ದಾಖಲೆಗಳಲ್ಲಿ ಗೆರೆ ಗೆರೆಯಾಗಿಯೇ ಇತ್ತು, ಇವರೊಬ್ಬರದರಲ್ಲಿ ಮಾತ್ರ ಗೆರೆ ಹೋಗಿ ಬೀಗ. ಊಟಕ್ಕೂ ಏಳಲಿಲ್ಲ. ಸಾಕಾಗಿ ಅವರಿಗೇ ಫೋನ್ ಮಾಡಿದೆ.

“ಅಕ್ಕಾರ, ನಿಮ್ಮ ದಾಖಲಿಯಾಗ ಗೆರಿ ಇದ್ದಲ್ಲಿ ಬೀಗ ಬಂದೈತ್ರಿ. ರೂಲ್ ಎಲ್ಲೋ ಕೆಟ್ಟೈತಿ, ಬೆಳಗಿನಿಂದ ಹುಡುಕಾಕತ್ತೀನಿ, ಸಿಗವಲ್ದು.”

ಆ ಕಡೆಯಿಂದ ನಕ್ಕ ಸದ್ದು.

“ಕೆಟ್ಟಿಲ್ಲ ಬಿಡು ತಮ್ಮ. ಬರೋಬ್ಬರಿ ಕೆಲಸ ಮಾಡಾಕತ್ತೈತಿ.”

ಅಲ್ಲಿ ಡಾಕ್ಟರು ನಿಜವಾಗಿಯೇ ಏನೋ ಬರೆದಿದ್ದಾರೆ ಎಂದು ಅರ್ಥವಾಗಲು ನನಗೆ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಅಷ್ಟರಲ್ಲಿ ಅವರೇ ಮುಂದುವರಿಸಿದರು: “ಆದ್ರ ಒಂದು ತಪ್ಪಾಗೈತಿ ನೋಡು. ಬೀಗ ಕಂಡ್ರ, ಒಳಗ ಏನೋ ಐತಿ ಅಂತ ಗೊತ್ತಾಗೇ ಹೋತಲ್ಲ. ನಿನಗಾದ್ರೂ ಪರವಾಗಿಲ್ಲ. ಇದ್ದವ್ರಿಗೂ ಬೀಗ ಹಾಕು, ಇಲ್ದವ್ರಿಗೂ ಹಾಕು.”

ಮನಸ್ಸು ಮಾಡಿದ್ದರೆ ಆ ಬೀಗ ತೆಗೆಯುವುದು ನನಗೆ ಎರಡು ನಿಮಿಷದ ಕೆಲಸ. ನನ್ನ ರೋಲ್ ತೆಗೆದು ಡಾಕ್ಟರ ರೋಲನ್ನು ನನ್ನ ಹೆಸರಿಗೆ ಹಾಕಿಕೊಂಡರೆ ಆಯಿತು. ಕೈ ಅಲ್ಲಿಯವರೆಗೂ ಹೋಗಿತ್ತು. ಹಿಂದೆಗೆದದ್ದು ಒಳ್ಳೆಯತನದಿಂದ ಎಂದು ಹೇಳಿಕೊಳ್ಳಲಾರೆ, ಹೆದರಿಕೆಯೂ ಇತ್ತು. ಸಂಜೆಯೊಳಗೆ ಐದೂ ಊರುಗಳ ಎಲ್ಲ ದಾಖಲೆಗಳಲ್ಲಿ ಆ ಕಾಲಮ್ಮಿಗೆ ಬೀಗ ಹಾಕಿದೆ.

ಕೊನೆಯ ಸಲ ಅವರನ್ನು ನೋಡಿದ್ದು ಬಾಗಳಿಯಲ್ಲಿ, ತಂಗಿಯ ಮನೆಯ ಕಟ್ಟೆಯ ಮೇಲೆ. ತಲೆಗೆ ಬಟ್ಟೆ ಸುತ್ತಿಕೊಂಡಿದ್ದರು. ಪೆನ್ನು ಸಿಕ್ಕಿಸಲು ತುರುಬಿರಲಿಲ್ಲ, ಕುಪ್ಪಸಕ್ಕೆ ಸಿಕ್ಕಿಸಿದ್ದರು. ನಾನು ಕೂರುವ ಮೊದಲೇ ಅವರು ಕೇಳಿದರು.

“ಬೀಗ ಹಾಕಿದೇನು?”

“ಹಾಕೀನ್ರಿ.”

“ಎಲ್ಲಿ, ನಿಂದು ತೋರಿಸು.” ಫೋನಿನಲ್ಲಿ ನನ್ನ ದಾಖಲೆ ತೆಗೆದು ಹಿಡಿದೆ. ಬೀಗ ಇತ್ತು. “ಇದರಾಗ ಏನೈತಿ?”

“ಏನಿಲ್ರಿ ಅಕ್ಕಾರ.”

“ಯಾರಿಗ್ಗೊತ್ತು!” ಎಂದು ಮೊದಲಿನ ಹಾಗೇ ನಕ್ಕರು. ರೇಣುಕಾ ಈಗಲೂ ಎರಡು ಕೆಲಸ ಮಾಡುತ್ತಾಳೋ ಎಂದು ವಿಚಾರಿಸಿದರು, ಮಂಡಕ್ಕಿ ತಿನ್ನಿಸಿದರು, ಬಸ್ಸಿಗೆ ಹೊತ್ತಾಯಿತೆಂದು ಎಬ್ಬಿಸಿದರು. ಏನಾಗಿದೆ ಎಂದು ಮುಂದಿನ ಸಲ ಕೇಳೋಣ ಎಂದುಕೊಂಡೆ. ಮುಂದಿನ ಸಲ ಬರಲಿಲ್ಲ.

ತೀರಿಕೊಂಡವರ ದಾಖಲೆ ಮುಚ್ಚುವುದೂ ನನ್ನ ಪಾಲಿನ ಕೆಲಸ. ಅದಕ್ಕೊಂದು ನಮೂನೆ ಇದೆ. ಹೆಸರು, ಊರು, ದಿನಾಂಕ ತುಂಬಿದೆ. ಕೊನೆಗೆ ಹೆಚ್ಚಿನ ವಿವರ ಬರೆಯುವ ‘ಷರಾ’ ಎಂಬ ಕಾಲಂ ಉಳಿಯಿತು. ಅವರಿಗೆ ಏನಾಗಿತ್ತೆಂದು ಬರೆಯಲು ನನಗೇನೂ ತಿಳಿದಿರಲಿಲ್ಲ. ಗೆರೆ ಹಾಕೋಣವೆಂದು ಬೆರಳಿಟ್ಟವನು ಹಾಗೇ ನಿಂತೆ. ಗೆರೆ ಎಂದರೆ, ಕೇಳಿದ್ದೇವೆ, ಇಲ್ಲ ಎಂದಿದ್ದಾರೆ ಎಂದರ್ಥ.

ಅವರ ದಾಖಲೆಯಲ್ಲಿ ಆ ಒಂದು ಕಾಲಂ ಇವತ್ತಿಗೂ ಖಾಲಿ ಇದೆ. ನಾನು ಕೇಳಲೇ ಇಲ್ಲ.